ಐದು ಸಾವಿರ ರೂಪಾಯಿಯ ದಾನಪತ್ರ

ಉತ್ತರ ಪ್ರದೇಶದಲ್ಲಿ ಮಗನಿಗೋ ಮಗಳಿಗೋ ಮನೆ ಬರೆದುಕೊಡುವುದು 2022ರ ಜೂನ್‌ವರೆಗೆ ದುಬಾರಿ ಕೆಲಸವಾಗಿತ್ತು. ಮಾರಾಟದ ಕ್ರಯಪತ್ರಕ್ಕೆ ಹೇಗೋ ದಾನಪತ್ರಕ್ಕೂ ಹಾಗೆಯೇ ಆಸ್ತಿಯ ಬೆಲೆ ನೋಡಿ ಮುದ್ರಾಂಕ ಶುಲ್ಕ ಹಾಕುತ್ತಿದ್ದರು. ಕೋಟಿ ಬೆಲೆಯ ಮನೆಯಾದರೆ ಲಕ್ಷಗಟ್ಟಲೆ ಕಟ್ಟಬೇಕಿತ್ತು. ಆ ಜೂನಿನಲ್ಲಿ ಸರ್ಕಾರ ಕುಟುಂಬದೊಳಗಿನ ದಾನಪತ್ರದ ಶುಲ್ಕವನ್ನು 5,000 ರೂಪಾಯಿಗೆ ಇಳಿಸಿತು. ಆರು ತಿಂಗಳಿಗೆಂದು ಕೊಟ್ಟ ಸವಲತ್ತು 2023ರ ಆಗಸ್ಟಿನಲ್ಲಿ ಮತ್ತೆ ಜಾರಿಗೆ ಬಂತು. ಮಗ, ಮಗಳು, ಸೊಸೆ, ಅಳಿಯ, ಒಡಹುಟ್ಟಿದವರು, ಮೊಮ್ಮಕ್ಕಳು, ಎಲ್ಲರೂ ಅದರೊಳಗೆ ಬರುತ್ತಾರೆ.

ಉದ್ದೇಶ ಒಳ್ಳೆಯದೇ. ಅಪ್ಪ ಬದುಕಿರುವಾಗಲೇ ಹಂಚಿಕೆ ಮುಗಿದರೆ ಆಮೇಲೆ ಅಣ್ಣತಮ್ಮಂದಿರು ಕೋರ್ಟಿಗೆ ಅಲೆಯುವುದು ತಪ್ಪುತ್ತದೆ. ಆದರೆ ಸರ್ಕಾರ ಸಲೀಸು ಮಾಡಿದ್ದು ಕೊಡುವ ದಾರಿಯನ್ನು ಮಾತ್ರ. ಕೊಟ್ಟ ಮೇಲೆ ಅನ್ನ, ಔಷಧ, ಕಡೆಗೆ ಮಲಗುವ ಕೋಣೆಯೂ ಸಿಗದೆ ಹೋದರೆ ವಾಪಸು ಪಡೆಯುವ ದಾರಿ ಮೊದಲಿನಷ್ಟೇ ಕಡಿದಾಗಿ ಉಳಿದಿದೆ. ಮಧ್ಯಪ್ರದೇಶದ ಛತ್ತರ್‌ಪುರದ ತಾಯಿಯೊಬ್ಬರು ಮಗನಿಗೆ ಕೊಟ್ಟ ಮನೆಯನ್ನು ಹಿಂದಕ್ಕೆ ಪಡೆಯಲು ಉಪವಿಭಾಗಾಧಿಕಾರಿಯಿಂದ ಹಿಡಿದು ಸುಪ್ರೀಂ ಕೋರ್ಟ್‌ವರೆಗೆ ಐದು ಮೆಟ್ಟಿಲು ಹತ್ತಬೇಕಾಯಿತು. ಈ ಎರಡು ದಾರಿಗಳ ನಡುವಿನ ಅಂತರವೇ ಇಂದು ವೃದ್ಧರ ಆಸ್ತಿಯ ನಿಜವಾದ ಅಪಾಯ. ಅದು ಎಷ್ಟು ಆಳವಾಗಿದೆ ಎಂದು ನೋಡಲು ಗ್ರೇಟರ್ ನೋಯ್ಡಾಕ್ಕಿಂತ ತಕ್ಕ ಊರು ಸಿಗುವುದು ಕಷ್ಟ.

ಗ್ರೇಟರ್ ನೋಯ್ಡಾ ಕೈಗಾರಿಕಾಭಿವೃದ್ಧಿ ಪ್ರಾಧಿಕಾರ ಹುಟ್ಟಿದ್ದು 1991ರಲ್ಲಿ. ಆಲ್ಫಾ, ಬೀಟಾ, ಗಾಮಾ ಎಂದು ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಸೆಕ್ಟರುಗಳಲ್ಲಿ ನೌಕರಿಯವರು ನಿವೃತ್ತಿಯ ಹಣ ಸುರಿದು ಪ್ಲಾಟು ಕೊಂಡರು, ಮನೆ ಕಟ್ಟಿಸಿದರು. ಆಗ ಬಿಕೋ ಎನ್ನುತ್ತಿದ್ದ ಜಾಗಕ್ಕೆ ಇವತ್ತು ಕೋಟಿಗಳ ಲೆಕ್ಕದ ಬೆಲೆ. ನೆಲ ಮಾತ್ರ ಅವರ ಸ್ವಂತದ್ದಲ್ಲ. ಪ್ರಾಧಿಕಾರ 90 ವರ್ಷದ ಗುತ್ತಿಗೆಗೆ ಕೊಟ್ಟದ್ದು. ಹೆಸರು ಬದಲಾಗಬೇಕಾದರೆ ಪ್ರಾಧಿಕಾರದಿಂದ ವರ್ಗಾವಣೆಯ ಅನುಮತಿಪತ್ರ ಬೇಕು. ಅಲ್ಲಿನವರ ಬಾಯಲ್ಲಿ ಅದು ‘ಟಿಎಂ’. ಊರಲ್ಲಿದ್ದು ಚಿಂತೆಪಡುವ ಬಂಧುಗಳಿಗೆ ಇದೊಂದು ಉಪಯುಕ್ತ ಸಂಗತಿ. ಇಲ್ಲಿ ಕಾಗದ ಸಬ್ ರಿಜಿಸ್ಟ್ರಾರ್ ಕಚೇರಿಯ ಜೊತೆಗೆ ಪ್ರಾಧಿಕಾರದ ಮೇಜನ್ನೂ ದಾಟಬೇಕು. ಹಾಗಾಗಿ ಹಿರಿಯರು ಲಿಖಿತ ಆಕ್ಷೇಪ ಸಲ್ಲಿಸಿ ಎಚ್ಚರಿಸಬಹುದಾದ ಬಾಗಿಲು ಒಂದಲ್ಲ, ಎರಡು.

ಸೆಕ್ಟರುಗಳ ಆಚೆ ಹಳ್ಳಿಗಳಿವೆ. ಭೂಸ್ವಾಧೀನದ ವಿರುದ್ಧ 2011ರಲ್ಲಿ ಭಟ್ಟಾ ಪಾರ್ಸೌಲ್ ಹೊತ್ತಿ ಉರಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಲಹಾಬಾದ್ ಹೈಕೋರ್ಟ್ ರೈತರಿಗೆ ಶೇ. 64.7ರಷ್ಟು ಹೆಚ್ಚುವರಿ ಪರಿಹಾರ ಮತ್ತು ಅಭಿವೃದ್ಧಿಪಡಿಸಿದ ನಿವೇಶನದಲ್ಲಿ ಶೇ. 10ರ ಪಾಲು ಕೊಡಿಸಿತು. ಮುಂದೆ ಜೇವರ್ ವಿಮಾನನಿಲ್ದಾಣ ಬಂತು, ಮತ್ತೊಂದು ಸುತ್ತು ಪರಿಹಾರ ಬಂತು. ಜಮೀನು ಇರುವವರೆಗೆ ಮುದುಕನ ಮಾತಿಗೆ ಮನೆಯಲ್ಲಿ ತೂಕವಿತ್ತು, ಯಾಕೆಂದರೆ ಹೊಲ ಯಾರೂ ಜೇಬಿಗೆ ಹಾಕಿಕೊಂಡು ಹೋಗುವಂಥದ್ದಲ್ಲ. ಜಮೀನು ಬ್ಯಾಂಕ್ ಖಾತೆಯ ಅಂಕಿಯಾದ ದಿನ ಆ ತೂಕ ಒಂದು ಹೆಬ್ಬೆಟ್ಟು ಮತ್ತು ಒಂದು ಮೊಬೈಲ್ ಒಟಿಪಿಗೆ ಇಳಿಯಿತು.

ಸೆಕ್ಟರಿನ ಮನೆ, ಹಳ್ಳಿಯ ಹೊಲ ಆಯಿತು; ಕನ್ನಡಿಗರಿಗೆ ಹತ್ತಿರದ್ದು ಮೂರನೆಯ ಬಗೆ. ಮಗನಿಗೆ ನೋಯ್ಡಾದಲ್ಲಿ ಸಾಫ್ಟ್‌ವೇರ್ ಕೆಲಸ. ಗ್ರೇಟರ್ ನೋಯ್ಡಾ ವೆಸ್ಟಿನ ಗೋಪುರವೊಂದರಲ್ಲಿ ಮೂರು ಕೋಣೆಯ ಫ್ಲ್ಯಾಟು ಬುಕ್ ಆಗುತ್ತದೆ. ಮೈಸೂರಿನ ಸೈಟೋ ಹಾಸನದ ಹಳೆಯ ಮನೆಯೋ ಮಾರಿ ಬಂದ ಹಣ ಮುಂಗಡಕ್ಕೆ ಹೋಗುತ್ತದೆ. ‘ಅಲ್ಲೊಬ್ಬರು ಇಲ್ಲೊಬ್ಬರು ಯಾಕೆ, ಬನ್ನಿ ಅಮ್ಮ, ಎಲ್ಲ ಒಟ್ಟಿಗಿರೋಣ’ ಎಂದಾಗ ಯಾವ ತಾಯಿ ರಸೀದಿ ಕೇಳುತ್ತಾಳೆ? ಕಾಗದದಲ್ಲಿ ಹೆಸರು ಮಗ ಸೊಸೆಯದು. ಎಷ್ಟೋ ಕಟ್ಟಡಗಳಲ್ಲಿ ಬಿಲ್ಡರು ಪ್ರಾಧಿಕಾರಕ್ಕೆ ಬಾಕಿ ಉಳಿಸಿಕೊಂಡದ್ದರಿಂದ ವರ್ಷಗಟ್ಟಲೆ ರಿಜಿಸ್ಟ್ರಿಯೇ ಆಗಲಿಲ್ಲ. ಆ ಗಂಟು ಬಿಡಿಸಲು ಅಮಿತಾಭ್ ಕಾಂತ್ ಸಮಿತಿ 2023ರಲ್ಲಿ ವರದಿ ಕೊಡಬೇಕಾಯಿತು. ಅಂದರೆ ಮಗನ ಹತ್ತಿರವೂ ಪೂರ್ತಿ ಹಕ್ಕಿಲ್ಲದ ಮನೆಯಲ್ಲಿ ಯಾವ ಹಕ್ಕೂ ಇಲ್ಲದೆ ತಾಯಿ ಇದ್ದಾಳೆ. ಊರಿಗೆ ಹಿಂತಿರುಗೋಣವೆಂದರೆ ಅಲ್ಲಿ ಮನೆಯಿಲ್ಲ. ಕೆಳಗಿನ ಕಾವಲುಗಾರನಿಂದ ಹಿಡಿದು ತಹಸೀಲಿನ ಗುಮಾಸ್ತನವರೆಗೆ ಎಲ್ಲರ ಮಾತೂ ಹಿಂದಿ. ಮಗ ಮುಂದಿಡುವ ಕಾಗದವೂ ಹಿಂದಿಯದೋ ಇಂಗ್ಲಿಷಿನದೋ; ಓದಿ ಹೇಳುವವನು ಆ ಮಗನೇ.

ಇಂಥ ಮನೆಗಳೆಲ್ಲ ಹಿಂಸೆಯ ಮನೆಗಳೆಂದು ಯಾರೂ ಹೇಳಲಾರರು. ಕೇಂದ್ರ ಆರೋಗ್ಯ ಸಚಿವಾಲಯ 2021ರ ಜನವರಿಯಲ್ಲಿ ಬಿಡುಗಡೆ ಮಾಡಿದ ‘ಲಾಸಿ’ ಸಮೀಕ್ಷೆಯಲ್ಲಿ, ಹಿಂದಿನ ಒಂದು ವರ್ಷದಲ್ಲಿ ತಮ್ಮನ್ನು ಕೆಟ್ಟದಾಗಿ ನಡೆಸಿಕೊಂಡರೆಂದು ಹೇಳಿದ ಹಿರಿಯರು ಸುಮಾರು ಶೇ. 5. ಇಪ್ಪತ್ತರಲ್ಲಿ ಒಬ್ಬರು. ಮಕ್ಕಳ ಮನೆಯ ಜಗಲಿಯಲ್ಲೇ ಕುಳಿತು ಅಪರಿಚಿತರಿಗೆ ಮಕ್ಕಳ ಮೇಲೆ ದೂರು ಹೇಳುವ ತಂದೆತಾಯಿ ನಮ್ಮಲ್ಲಿ ಎಷ್ಟು ಮಂದಿ ಎಂದು ಯೋಚಿಸಿದರೆ ಆ ಅಂಕಿಯನ್ನು ಕನಿಷ್ಠವೆಂದೇ ಓದಬೇಕಾಗುತ್ತದೆ. 2011ರ ಜನಗಣತಿಯಲ್ಲೇ ಅರವತ್ತು ದಾಟಿದವರು 10.38 ಕೋಟಿ ಇದ್ದರು.

ಇವರಿಗೆಂದೇ ಒಂದು ಕಾಯ್ದೆಯಿದೆ. 2007ರ ‘ಪೋಷಕರು ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ’. ಉಪವಿಭಾಗಾಧಿಕಾರಿ ದರ್ಜೆಯ ಅಧಿಕಾರಿ ಅದರ ನ್ಯಾಯಮಂಡಳಿಯ ಅಧ್ಯಕ್ಷ. ಕರ್ನಾಟಕದಲ್ಲಿ ಎಸಿ, ಉತ್ತರ ಪ್ರದೇಶದಲ್ಲಿ ಎಸ್‌ಡಿಎಂ. ಗೌತಮಬುದ್ಧ ನಗರ ಜಿಲ್ಲೆಯಲ್ಲಿ ಸದರ್, ದಾದ್ರಿ, ಜೇವರ್ ಎಂದು ಮೂರು ತಹಸೀಲು. ಜಿಲ್ಲಾಧಿಕಾರಿಯ ಕಚೇರಿ ಸೂರಜ್‌ಪುರದಲ್ಲಿ. ವಕೀಲರು ಬೇಡ, ಅರ್ಜಿ ಸಾಕು. ಜೀವನಾಂಶದ ಅರ್ಜಿ 90 ದಿನದಲ್ಲಿ ಮುಗಿಯಬೇಕು. ತಿಂಗಳಿಗೆ 10,000 ರೂಪಾಯಿಯ ಮಿತಿ 2007ರಲ್ಲಿ ಹಾಕಿದ್ದು. ಅದನ್ನು ತೆಗೆಯಲು 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ತಂದ ತಿದ್ದುಪಡಿ ಮಸೂದೆ ಆ ಲೋಕಸಭೆಯ ಅವಧಿ ತೀರಿದಾಗ ಬಿದ್ದುಹೋಯಿತು. ಸೊಸೆ ಅಳಿಯಂದಿರನ್ನೂ ‘ಮಕ್ಕಳು’ ಎಂಬ ವ್ಯಾಖ್ಯೆಗೆ ಸೇರಿಸುವ ಪ್ರಸ್ತಾವವೂ ಅದರೊಂದಿಗೇ ಹೋಯಿತು.

ಆಸ್ತಿಯ ವಿಚಾರದಲ್ಲಿ ಈ ಕಾಯ್ದೆಯ ಜೀವ ಇರುವುದು 23ನೇ ಸೆಕ್ಷನ್ನಿನಲ್ಲಿ. ಹಿರಿಯ ನಾಗರಿಕರು ತಮ್ಮ ಮೂಲ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟಿದ್ದು, ಪಡೆದವರು ತಪ್ಪಿದರೆ, ಆ ವರ್ಗಾವಣೆ ವಂಚನೆಯಿಂದಲೋ ಬಲವಂತದಿಂದಲೋ ಆದದ್ದೆಂದು ಭಾವಿಸಿ ನ್ಯಾಯಮಂಡಳಿ ರದ್ದು ಮಾಡಬಹುದು. ವಂಚನೆಯನ್ನು ಸಾಬೀತು ಮಾಡುವ ಹೊರೆ ಮುದಿತಾಯಿಯ ಮೇಲಿಲ್ಲ. ಸಿವಿಲ್ ಕೋರ್ಟಿನಲ್ಲಿ ಹತ್ತು ವರ್ಷ ಹಿಡಿಯುವುದನ್ನು ಈ ಒಂದು ವಾಕ್ಯ ತಿಂಗಳುಗಳಿಗೆ ಇಳಿಸಬಲ್ಲದು. ಆದರೆ ಎಲ್ಲ ನಿಂತಿರುವುದು ‘ಷರತ್ತಿನ ಮೇಲೆ’ ಎಂಬ ಮಾತಿನ ಮೇಲೆ.

ಷರತ್ತು ಎಲ್ಲಿರಬೇಕು? ದಾನಪತ್ರದ ಒಳಗೇ ಬರೆದಿರಬೇಕೇ, ಬೇರೆ ಕಾಗದದಲ್ಲಿದ್ದರೂ ಆದೀತೇ, ಅಥವಾ ಹೆತ್ತವರು ಮಕ್ಕಳಿಗೆ ಕೊಡುವಾಗ ಅದು ತಾನಾಗಿಯೇ ಇರುತ್ತದೆಯೇ? ನ್ಯಾಯಾಲಯಗಳ ಉತ್ತರ ಒಂದೇ ಆಗಿಲ್ಲ. ದಾನಪತ್ರದಲ್ಲೇ ಸ್ಪಷ್ಟವಾಗಿ ಬರೆದಿರಬೇಕೆಂದು ಕೇರಳ ಹೈಕೋರ್ಟಿನ ಪೂರ್ಣಪೀಠ 2020ರಲ್ಲಿ ಹೇಳಿತು. ಷರತ್ತಿಲ್ಲದ ದಾನಪತ್ರವನ್ನು ಈ ಸೆಕ್ಷನ್ನಿನಡಿ ರದ್ದು ಮಾಡಲಾಗದೆಂದು ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ 2023ರಲ್ಲಿ ಹೇಳಿತು. ಹರಿಯಾಣದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಸಂಜಯ್ ಕಿಶನ್ ಕೌಲ್ ಮತ್ತು ಅಭಯ್ ಓಕಾ ಅವರ ಪೀಠ 2022ರ ಡಿಸೆಂಬರಿನಲ್ಲಿ, ಹೆತ್ತವರು ಬರೀ ಪ್ರೀತಿಯಿಂದಲೂ ಕೊಟ್ಟಿರಬಹುದು, ಷರತ್ತು ಇತ್ತೆಂದು ಹೇಳಿ ತೋರಿಸಬೇಕಾದವರು ಅರ್ಜಿದಾರರೇ ಎಂದಿತು. ಇದಕ್ಕೆ ಎದುರು ದಿಕ್ಕಿನಲ್ಲಿ, ನಾಗಪಟ್ಟಣದ ತಾಯಿಯೊಬ್ಬರ ಪ್ರಕರಣದಲ್ಲಿ 2025ರ ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟ್, ಪ್ರೀತಿವಾತ್ಸಲ್ಯದಿಂದ ಕೊಟ್ಟೆ ಎಂಬ ಮಾತಿನಲ್ಲೇ ನೋಡಿಕೊಳ್ಳುವ ಷರತ್ತು ಅಡಗಿದೆ ಎಂದಿತು. ಒಂದೇ ಕಾಯ್ದೆ, ಕಾವೇರಿಯ ಮೇಲ್ದಂಡೆಯಲ್ಲಿ ತಾಯಿ ಸೋಲುವ ಕಾಗದದಿಂದ ಕೆಳದಂಡೆಯಲ್ಲಿ ಇನ್ನೊಬ್ಬ ತಾಯಿ ಗೆಲ್ಲಬಹುದು.

ಛತ್ತರ್‌ಪುರದ ತಾಯಿ ಆ ಮನೆಯನ್ನು ಕೊಂಡದ್ದು 1968ರಲ್ಲಿ. 2019ರ ಸೆಪ್ಟೆಂಬರಿನಲ್ಲಿ ಮಗನಿಗೆ ದಾನಪತ್ರ ಬರೆದುಕೊಟ್ಟರು. ಅದೇ ದಿನ ಮಗ ಬೇರೊಂದು ‘ವಚನಪತ್ರ’ ಬರೆದುಕೊಟ್ಟ. ಹೆತ್ತವರನ್ನು ಕಡೆತನಕ ನೋಡಿಕೊಳ್ಳುತ್ತೇನೆ, ತಪ್ಪಿದರೆ ತಾಯಿ ದಾನವನ್ನು ವಾಪಸು ಪಡೆಯಬಹುದು ಎಂದು. ಮುಂದಿನ ವರ್ಷದ ಡಿಸೆಂಬರಿಗೆ ತಾಯಿ ಎಸ್‌ಡಿಎಂ ಮುಂದೆ ಇದ್ದರು. ಅಲ್ಲಿ ಗೆದ್ದರು, ಜಿಲ್ಲಾಧಿಕಾರಿಯ ಮುಂದೆ ಗೆದ್ದರು, ಹೈಕೋರ್ಟಿನ ಏಕಸದಸ್ಯ ಪೀಠದಲ್ಲೂ ಗೆದ್ದರು. ವಿಭಾಗೀಯ ಪೀಠ ಮಾತ್ರ ದಾನಪತ್ರದಲ್ಲಿ ಷರತ್ತು ಇಲ್ಲವೆಂದು ಎಲ್ಲವನ್ನೂ ತಿರುಗಿಸಿಹಾಕಿತು. ವಚನಪತ್ರವೇ ಸುಳ್ಳೆಂದು ಮಗ ವಾದಿಸಿದ್ದ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಸಿ.ಟಿ. ರವಿಕುಮಾರ್ ಮತ್ತು ಸಂಜಯ್ ಕರೋಲ್ 2025ರ ಜನವರಿ 2ರಂದು ಎರಡು ಕಾಗದಗಳನ್ನೂ ಒಟ್ಟಿಗೆ ಓದಿ ದಾನಪತ್ರ ರದ್ದುಪಡಿಸಿದರು. ಫೆಬ್ರವರಿ 28ರೊಳಗೆ ಮನೆಯನ್ನು ತಾಯಿಗೆ ಬಿಟ್ಟುಕೊಡಬೇಕೆಂದರು. ರದ್ದು ಮಾಡುವ ನ್ಯಾಯಮಂಡಳಿಗೆ ಸ್ವಾಧೀನ ಕೊಡಿಸುವ ಅಧಿಕಾರವೂ ಇದೆಯೆಂದರು. ತಾಯಿ ಗೆದ್ದರು. ಆದರೆ ಅರ್ಜಿ ಹಾಕಿ ನಾಲ್ಕು ವರ್ಷ ಕಳೆದಿತ್ತು, ಮತ್ತು ಅವರ ಕೈಯಲ್ಲಿ ಒಂದು ವಚನಪತ್ರವಿತ್ತು. ಅಂಥ ಕಾಗದವಿಲ್ಲದ ತಾಯಂದಿರೇ ಹೆಚ್ಚು.

ಯಾಕೆ ಇರುವುದಿಲ್ಲ ಎಂಬುದಕ್ಕೆ ದೂರ ಹುಡುಕಬೇಕಿಲ್ಲ. ‘ಮಗಾ, ಬರೆದುಕೊಡ್ತೀನಿ, ಆದರೆ ಅನ್ನ ಹಾಕ್ತೀನಿ ಅಂತ ನೀನೂ ಬರೆದುಕೊಡು’ ಎಂದು ನಮ್ಮ ಯಾವ ತಾಯಿ ಕೇಳುತ್ತಾಳೆ? ಕೇಳಿದರೆ ಅದು ಅಪನಂಬಿಕೆ, ಮಗನಿಗೆ ಅವಮಾನ. ‘ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ಅಮ್ಮ’ ಎಂಬ ಒಂದು ಪ್ರಶ್ನೆಗೆ ಅವಳ ಬಾಯಿ ಕಟ್ಟುತ್ತದೆ. ಒಳ್ಳೆಯ ಮಗನಾದರೆ ಷರತ್ತಿನ ಅಗತ್ಯವಿಲ್ಲ. ಕೆಟ್ಟ ಮಗನಾದರೆ ಷರತ್ತು ಕೇಳುವ ಧೈರ್ಯವಿಲ್ಲ. ಯಾರಿಗೆ ರಕ್ಷಣೆ ಬೇಕೋ ಅವರೇ ಕೇಳಲಾರದ ಸ್ಥಿತಿಯಲ್ಲಿರುವಾಗ ಕೇಳಿದವರಿಗೆ ಮಾತ್ರ ರಕ್ಷಣೆ ಎಂದರೆ ಅದು ಅರ್ಧ ರಕ್ಷಣೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಯನ್ನು ಕಾನೂನೇ ನಿಜಮಾಡಬಾರದು.

ನೋಂದಣಿಯ ದಿನವನ್ನು ನೋಡಿ. ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಪತ್ರ ಬರೆಯುವವರ ಮೇಜುಗಳು, ಝೆರಾಕ್ಸ್ ಅಂಗಡಿ, ಆಧಾರ್ ಪ್ರತಿ ಹಿಡಿದ ಸಾಕ್ಷಿಗಳು. ಒಳಗೆ ಮೊದಲು ಮಗ, ಅವನ ಹಿಂದೆ ಸೊಸೆಯ ಕೈ ಹಿಡಿದ ಅಜ್ಜಿ. ಕ್ಯಾಮೆರಾ ಮುಂದೆ ಕೂರಿಸಿ ಫೋಟೊ ತೆಗೆಯುತ್ತಾರೆ, ಬೆರಳು ಒತ್ತಿಸುತ್ತಾರೆ. ಇದು ನಿಮ್ಮ ಸಹಿಯೇ, ನೀವೇ ಬರೆದುಕೊಟ್ಟದ್ದೇ ಎಂದು ಕೇಳುತ್ತಾರೆ. 1908ರ ನೋಂದಣಿ ಕಾಯ್ದೆ ಅಧಿಕಾರಿಯಿಂದ ಕೇಳುವುದು ಇಷ್ಟನ್ನೇ; ಪತ್ರ ಬರೆದುಕೊಟ್ಟವರು ಇವರೇ, ಅದನ್ನು ಒಪ್ಪುತ್ತಾರೆಯೇ ಎಂದು ಖಚಿತಪಡಿಸಿಕೊಳ್ಳುವುದು. ನಾಳೆಯಿಂದ ಈ ಮನೆ ನಿಮ್ಮದಲ್ಲ, ಗೊತ್ತೇ ಎಂದು ಕೇಳುವ ಕೆಲಸ ಅವನದಲ್ಲ. ಮಗನನ್ನು ಹೊರಗೆ ನಿಲ್ಲಿಸಿ ಕೇಳುವ ಕೆಲಸವಂತೂ ಅಲ್ಲವೇ ಅಲ್ಲ. ಮಂಚ ಹಿಡಿದವರಿದ್ದರೆ ಅಧಿಕಾರಿ ಮನೆಗೇ ಬಂದು ನೋಂದಾಯಿಸುವ ಅವಕಾಶವೂ ಅದೇ ಕಾಯ್ದೆಯಲ್ಲಿದೆ. ಅನುಕೂಲವೇ, ಆದರೆ ಆಗ ಅಜ್ಜಿಯ ಸುತ್ತ ನಿಂತಿರುವವರು ಯಾರು ಎಂಬುದನ್ನೂ ನೆನಪಿಡಬೇಕು.

ಹಾಗಾದರೆ ಇವತ್ತಿನ ಕಾನೂನಿನೊಳಗೆ ಹಿರಿಯರನ್ನು ಉಳಿಸುವುದು ಹೇಗೆ? ಎಲ್ಲಕ್ಕಿಂತ ಗಟ್ಟಿಯಾದ ಉಪಾಯ ಅತಿ ಸರಳವಾದದ್ದು. ಬದುಕಿರುವಾಗ ಕೊಡಬೇಡಿ, ವಿಲ್ ಬರೆಯಿರಿ. ವಿಲ್ಲು ಸಾವಿನವರೆಗೆ ಬರೀ ಕಾಗದ. ಮನಸ್ಸು ಬದಲಾದರೆ ಮತ್ತೊಂದು ಬರೆಯಬಹುದು. ಎರಡು ಸಾಕ್ಷಿಗಳು ಬೇಕು, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಅದೇ ದಿನಾಂಕದ ವೈದ್ಯರ ಪತ್ರವೊಂದು ಜೊತೆಗಿದ್ದರೆ ಮುಂದೆ ‘ಅಮ್ಮನಿಗೆ ಬುದ್ಧಿ ಸ್ತಿಮಿತವಿರಲಿಲ್ಲ’ ಎಂಬ ವಾದಕ್ಕೆ ಉತ್ತರವಾಗುತ್ತದೆ. ವಿಲ್ಲಿನ ಶಕ್ತಿ ಎಂಥದ್ದೆಂದು ಉತ್ತರ ಪ್ರದೇಶದ ಇಬ್ಬರು ಹಿರಿಯರು ತೋರಿಸಿಕೊಟ್ಟಿದ್ದಾರೆ. ಆಗ್ರಾದ ವೃದ್ಧರೊಬ್ಬರು ತಮ್ಮ ಪಾಲಿನ ಮನೆಯನ್ನು ಆಗ್ರಾದ ಜಿಲ್ಲಾಧಿಕಾರಿಯ ಹೆಸರಿಗೆ ವಿಲ್ ಮಾಡಿದರು. 2023ರ ಮಾರ್ಚ್‌ನಲ್ಲಿ ಮುಜಫ್ಫರ್‌ನಗರದ ಎಂಬತ್ತು ದಾಟಿದ ರೈತರೊಬ್ಬರು ಮಕ್ಕಳು ನೋಡಿಕೊಳ್ಳಲಿಲ್ಲವೆಂದು ಕೋಟಿಗೂ ಮೀರಿದ ಆಸ್ತಿಯನ್ನು ರಾಜ್ಯಪಾಲರ ಹೆಸರಿಗೆ ಬರೆದರು, ದೇಹವನ್ನು ವೈದ್ಯಕೀಯ ಕಾಲೇಜಿಗೆ ಕೊಟ್ಟರು. ಅವರ ನೋವು ದೊಡ್ಡದು, ಆದರೂ ಕಡೆಯ ಮಾತು ಅವರದೇ ಆಗಿತ್ತು. ದಾನಪತ್ರ ಬರೆದವರಿಗೆ ಅಷ್ಟೂ ಉಳಿಯುವುದಿಲ್ಲ.

ಕೊಡಲೇಬೇಕಾದ ಸಂದರ್ಭವಿದ್ದರೆ ದಾನಪತ್ರದ ಒಳಗೇ ಮೂರು ಸಾಲು ಸೇರಿಸಿ. ‘ದಾನ ಪಡೆದವರು ದಾನಿಯ ಜೀವಿತಾವಧಿಯವರೆಗೆ ಇದೇ ಮನೆಯಲ್ಲಿ ವಸತಿ, ಊಟ, ಔಷಧೋಪಚಾರ ಒದಗಿಸತಕ್ಕದ್ದು. ಸದರಿ ಸ್ವತ್ತಿನ ಸ್ವಾಧೀನ ಮತ್ತು ಬಾಡಿಗೆ ದಾನಿಯ ಜೀವಿತಾವಧಿಯವರೆಗೆ ದಾನಿಗೇ ಸೇರಿರತಕ್ಕದ್ದು. ಈ ಷರತ್ತು ತಪ್ಪಿದಲ್ಲಿ 2007ರ ಕಾಯ್ದೆಯ 23ನೇ ಸೆಕ್ಷನ್ನಿನಂತೆ ಈ ದಾನವನ್ನು ರದ್ದುಪಡಿಸಿಕೊಳ್ಳಲು ದಾನಿಗೆ ಹಕ್ಕಿರತಕ್ಕದ್ದು.’ ನಡುವಿನ ಸಾಲು ಬಹಳ ಮುಖ್ಯ. ಸ್ವಾಧೀನವನ್ನೂ ಅನುಭವದ ಹಕ್ಕನ್ನೂ ತನ್ನಲ್ಲೇ ಉಳಿಸಿಕೊಂಡು ಕೊಟ್ಟ ದಾನವೂ ಕಾನೂನುಬದ್ಧವೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಅಂಥ ಸಾಲು ಇದ್ದ ಮನೆಯನ್ನು ಮಗ ತಾಯಿ ಬದುಕಿರುವಾಗ ಮಾರಲು ಹೊರಟರೆ ಕೊಳ್ಳುವವನೇ ಹಿಂದೆ ಸರಿಯುತ್ತಾನೆ.

ಫ್ಲ್ಯಾಟಿಗೆ ಹಣ ಕೊಟ್ಟ ತಂದೆತಾಯಿಯ ಕಥೆ ಬೇರೆ. ಕೊಟ್ಟದ್ದು ಹಣ, ಕೇಳುವಾಗ ಬಾಯಿಗೆ ಬರುವುದು ಮನೆ. 2007ರ ಕಾಯ್ದೆಯಲ್ಲಿ ‘ಆಸ್ತಿ’ ಎಂದರೆ ಚರಸ್ವತ್ತೂ ಸೇರುತ್ತದೆ, ಹಾಗಾಗಿ ಹಣವೂ ಅದರೊಳಗೆ ಬರುತ್ತದೆ; ಆದರೆ ಯಾವ ಷರತ್ತಿನ ಮೇಲೆ ಎಷ್ಟು ಕೊಟ್ಟಿರಿ ಎಂಬುದಕ್ಕೆ ಗುರುತು ಬೇಕು. ನಗದಾಗಿ ಕೊಡದೆ ಬ್ಯಾಂಕಿನ ಮೂಲಕ ಕಳಿಸುವುದು, ಒಂದು ಪುಟದ ಒಪ್ಪಂದ ಬರೆಸುವುದು, ಎಲ್ಲಕ್ಕಿಂತ ಮೇಲಾಗಿ ಹಂಚಿಕೆಪತ್ರದಲ್ಲಿ ತಾಯಿಯ ಹೆಸರನ್ನೂ ಸೇರಿಸುವುದು. ಮೈಸೂರಿನ ಸೈಟು ಮಾರುವ ಮೊದಲೇ ಈ ಮಾತು ಆಗಬೇಕು, ಗೃಹಪ್ರವೇಶದ ಊಟ ಮುಗಿದ ಮೇಲಲ್ಲ. ಹೆಸರೇ ಇಲ್ಲದ ತಾಯಿಗೂ ಇನ್ನೊಂದು ಆಸರೆಯಿದೆ, ಅದು ಬಹಳ ಜನಕ್ಕೆ ತಿಳಿದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಸೊಸೆಗೆ ಮಾತ್ರವಲ್ಲ, ಆ ಮನೆಯಲ್ಲಿ ಬಾಳುತ್ತಿರುವ ತಾಯಿಗೂ ಅನ್ವಯಿಸುತ್ತದೆ; ಮಗನ ಹೆಸರಿನ ಮನೆಯಿಂದ ತನ್ನನ್ನು ಹೊರಹಾಕದಂತೆ ಅವಳು ಮ್ಯಾಜಿಸ್ಟ್ರೇಟರಿಂದ ಆದೇಶ ಪಡೆಯಬಹುದು. ತಂದೆಗೆ ಆ ಬಾಗಿಲಿಲ್ಲ.

ದೂರದಲ್ಲಿರುವ ಬಂಧುಗಳು, ಅಂದರೆ ಬೆಂಗಳೂರಿನ ಸೋದರಸೊಸೆ, ಅಮೆರಿಕದ ಮಗಳು, ತಮ್ಮ ಕೈ ಕಟ್ಟಿದೆಯೆಂದು ಸುಮ್ಮನಿರಬೇಕಿಲ್ಲ. ಹಿರಿಯರಿಗೆ ಸ್ವತಃ ಅರ್ಜಿ ಹಾಕಲಾಗದಿದ್ದರೆ ಅವರು ಅಧಿಕಾರ ಕೊಟ್ಟ ಬೇರೊಬ್ಬರು ಅಥವಾ ಸಂಸ್ಥೆ ಹಾಕಬಹುದು. ನ್ಯಾಯಮಂಡಳಿ ತಾನಾಗಿಯೂ ಕೈಗೆತ್ತಿಕೊಳ್ಳಬಹುದು. ಮಕ್ಕಳಿಲ್ಲದ ಅತ್ತೆಯ ಆಸ್ತಿ ಯಾರಿಗೆ ಬರಲಿದೆಯೋ ಆ ಬಂಧು ಅವರನ್ನು ಸಾಕಲೇಬೇಕೆಂದು ಕಾಯ್ದೆ ಹೇಳುತ್ತದೆ. 14567 ದೇಶದುದ್ದಕ್ಕೂ ಹಿರಿಯರ ಸಹಾಯವಾಣಿ. ಬೆಂಗಳೂರಿನಲ್ಲಿ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಿಂದ ನಡೆಸುತ್ತಿರುವ 1090 ಇದೆ. ಕರ್ನಾಟಕದಲ್ಲಿ ಉಳಿದ ಸೈಟಿನ ಋಣಭಾರ ಪ್ರಮಾಣಪತ್ರವನ್ನು (ಇಸಿ) ವರ್ಷಕ್ಕೊಮ್ಮೆ ಕಾವೇರಿ ಆನ್‌ಲೈನ್‌ನಲ್ಲಿ ತೆಗೆದು ನೋಡುವುದು ಯಾವ ಊರಿನಿಂದಲೂ ಆಗುವ ಕೆಲಸ. ತಮಗೆ ತಿಳಿಯದ ಒಂದು ವರ್ಗಾವಣೆ ಅಲ್ಲಿ ಕಂಡರೆ ಅಂದೇ ಎದ್ದು ಓಡಬೇಕು.

ಒಂದು ಕಡೆ ಮಾತ್ರ ಕಾನೂನು ಹಿರಿಯರನ್ನು ಪೂರ್ತಿ ಕೈಬಿಟ್ಟಿದೆ, ಅದು ಮರೆವಿನ ಕಾಯಿಲೆ. ಅಮ್ಮ ಎಚ್ಚರವಿದ್ದಾಗ ಮಗಳಿಗೆ ಕೊಟ್ಟ ಅಧಿಕಾರಪತ್ರ, ಅಮ್ಮನ ಬುದ್ಧಿ ಮಂಕಾದಾಗ ಅಸಿಂಧುವಾಗುತ್ತದೆ. ಅಂದರೆ ಯಾವ ಹೊತ್ತಿಗೆ ಬೇಕೋ ಆ ಹೊತ್ತಿಗೇ ಇಲ್ಲವಾಗುತ್ತದೆ. 1872ರ ಕರಾರು ಕಾಯ್ದೆಯ ನಿಯಮವದು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪಾಲಕತ್ವ ಆಟಿಸಂ, ಸೆರೆಬ್ರಲ್ ಪಾಲ್ಸಿಯಂಥ ಸ್ಥಿತಿಗಳಿಗೆ, ಡಿಮೆನ್ಷಿಯಾಕ್ಕಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ಮಾತಾಡುತ್ತದೆ, ಆಸ್ತಿಯದಲ್ಲ. ಕಡೆಗೆ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ ಪಾಲಕರನ್ನು ನೇಮಿಸಿಕೊಳ್ಳಬೇಕು. ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಯಾರ ಕೈಲಿದೆಯೋ ಅವನಿಗೆ ಅಷ್ಟರೊಳಗೆ ಎಲ್ಲ ಮುಗಿಸುವಷ್ಟು ಸಮಯ ಸಿಗುತ್ತದೆ. ರೋಗದ ಮೊದಲ ಸುಳಿವು ಸಿಕ್ಕ ವಾರವೇ ವಿಲ್ಲು, ಜಂಟಿ ಖಾತೆ, ದಾಖಲೆಗಳ ಜಾಗ, ಎಲ್ಲವನ್ನೂ ಇಬ್ಬರು ಮೂವರ ಕಣ್ಣೆದುರು ಇಡುವುದು ಕುಟುಂಬದ ಕರ್ತವ್ಯ.

ತಡವಾದರೆ ಏನಾಗುತ್ತದೆ ಎಂಬುದೂ ಕಣ್ಣೆದುರಿದೆ. 2025ರ ಜೂನಿನಲ್ಲಿ ನೋಯ್ಡಾ ಸೆಕ್ಟರ್ 55ರ ವೃದ್ಧಾಶ್ರಮವೊಂದಕ್ಕೆ ರಾಜ್ಯ ಮಹಿಳಾ ಆಯೋಗದ ತಂಡ ಹೋದಾಗ ಕೂಡಿಹಾಕಿದ, ಕಟ್ಟಿಹಾಕಿದ ಸ್ಥಿತಿಯಲ್ಲಿ ಹಿರಿಯರು ಸಿಕ್ಕರು. 39 ಮಂದಿಯನ್ನು ಬಿಡಿಸಿದರು. ಅವರ ಮನೆಯವರು ಹಣ ಕಟ್ಟಿಯೇ ಬಿಟ್ಟುಹೋಗಿದ್ದರು. ಅದೇ ವರ್ಷ ಮಾರ್ಚ್‌ನಲ್ಲಿ ಕರ್ನಾಟಕದ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು, ಬೆಳಗಾವಿಯ ಬಿಮ್ಸ್ ಆಸ್ಪತ್ರೆಯೊಂದರಲ್ಲೇ 150ಕ್ಕೂ ಹೆಚ್ಚು ಹಿರಿಯರನ್ನು ಮಕ್ಕಳು ಬಿಟ್ಟುಹೋದ ಸಂಗತಿ ಹೇಳಿ, ಇಂಥ ಪ್ರಕರಣಗಳಲ್ಲಿ ಎಸಿಗೆ ದೂರು ಕೊಡಿ, ಆಸ್ತಿ ವರ್ಗಾವಣೆ ರದ್ದಾಗಲಿ ಎಂದು ಸೂಚಿಸಿದರು. ಸೂಚನೆ ಸರಿಯಾದದ್ದು. ಆದರೆ ಬೆಳಗಾವಿಯ ಎಸಿ ಮುಂದೆ ಆ ಕಡತ ಬಂದಾಗ ಮೊದಲು ಏಳುವ ಪ್ರಶ್ನೆ ಮತ್ತೆ ಅದೇ: ಪತ್ರದಲ್ಲಿ ಷರತ್ತು ಇದೆಯೇ?

ಹಿರಿಯರ ಪರ ಕಾನೂನು ಬಿಗಿಯಾಗಲಿ ಎನ್ನುವವರು ಎದುರಿಸಲೇಬೇಕಾದ ಆಕ್ಷೇಪವೊಂದಿದೆ. ಈ ಕಾಯ್ದೆಯನ್ನೇ ಆಯುಧ ಮಾಡಿಕೊಂಡವರಿದ್ದಾರೆ. ಬೆಂಗಳೂರು ಉತ್ತರದ ಮನೆಯೊಂದರ ಕಥೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಗಂಡ ಕೊಂಡ ಆಸ್ತಿ ಅವನ ತಂದೆಯ ಹೆಸರಿಗೆ, ಅಲ್ಲಿಂದ ತಾಯಿಯ ಹೆಸರಿಗೆ ಹೋಗಿತ್ತು. ದಾಂಪತ್ಯ ಮುರಿದಾಗ ಅತ್ತೆಮಾವ 2007ರ ಕಾಯ್ದೆಯಡಿ ಸೊಸೆಯನ್ನು ಹೊರಹಾಕಿಸಲು ನೋಡಿದರು. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಪೀಠ 2020ರ ಡಿಸೆಂಬರಿನಲ್ಲಿ, ಹಿರಿಯರ ಕಾಯ್ದೆಯಿಂದ ಹೆಣ್ಣಿನ ವಾಸದ ಹಕ್ಕನ್ನು ಅಳಿಸಲಾಗದು, ಎರಡನ್ನೂ ಹೊಂದಿಸಿ ಓದಬೇಕು ಎಂದಿತು. ಉತ್ತರ ಪ್ರದೇಶದ ಸುಲ್ತಾನ್‌ಪುರದ ಪ್ರಕರಣದಲ್ಲಿ 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಆಸ್ತಿಯ ಹಕ್ಕಿನ ದಾವೆ ಬಾಕಿಯಿದ್ದಾಗ ಮಗನನ್ನು ಹೊರಹಾಕುವುದು ಸಹಜ ಕ್ರಮವಲ್ಲ, ಹಿರಿಯರ ರಕ್ಷಣೆಗೆ ಅನಿವಾರ್ಯವಾದರೆ ಮಾತ್ರ ಎಂದಿತು. ಪಕ್ಕದ ದಿಲ್ಲಿಯಲ್ಲಿ 2016 ಮತ್ತು 2017ರ ತಿದ್ದುಪಡಿಗಳ ನಂತರ ನಿಯಮಗಳಲ್ಲೇ ಹೊರಹಾಕಿಸುವ ವಿಧಾನವಿದೆ. ಉತ್ತರ ಪ್ರದೇಶದ 2014ರ ನಿಯಮಗಳು ರೂಪುಗೊಂಡಾಗ ಅಂಥ ಹಂತ ಹಂತದ ವಿಧಾನ ಇರಲಿಲ್ಲ. ದಿಲ್ಲಿಯ ಮಯೂರ್ ವಿಹಾರದ ತಾಯಿಗೂ ಗ್ರೇಟರ್ ನೋಯ್ಡಾದ ತಾಯಿಗೂ ನಡುವೆ ಇರುವುದು ರಾಜ್ಯದ ಗಡಿಯಷ್ಟೇ. ರಕ್ಷಣೆ ಬೇರೆ ಬೇರೆ.

ದುರುಪಯೋಗದ ಭಯ ನಿಜ. ಅಣ್ಣನ ಮನೆಯಲ್ಲಿರುವ ತಾಯಿಯಿಂದ ತಮ್ಮನ ಮೇಲೆ ಅರ್ಜಿ ಹಾಕಿಸುವುದೂ ನಡೆಯುತ್ತದೆ. ಆದರೆ ಇವೆಲ್ಲ ಹೊರಹಾಕುವ ಅಧಿಕಾರದ ಕುರಿತ ಆತಂಕಗಳು. ಷರತ್ತನ್ನು ಪತ್ರದೊಳಗೆ ಮೊದಲೇ ಬರೆಸುವುದರಿಂದ ಯಾವ ಸೊಸೆಯೂ ಬೀದಿಗೆ ಬೀಳುವುದಿಲ್ಲ; ಬದಲಿಗೆ ಯಾರು ಏನು ಒಪ್ಪಿದ್ದರು ಎಂಬ ಜಗಳವೇ ಕಡಿಮೆಯಾಗುತ್ತದೆ. ಪಡೆದವನಿಗೂ ತನ್ನ ಹೊಣೆ ಎಷ್ಟೆಂದು ತಿಳಿದಿರುತ್ತದೆ.

ಅದಕ್ಕೆ ಸಂಸತ್ತು ಇನ್ನೊಂದು ಮಸೂದೆ ತರುವವರೆಗೆ ಕಾಯಬೇಕಿಲ್ಲ. ಉತ್ತರ ಪ್ರದೇಶ ಸರ್ಕಾರ 2022ರಲ್ಲಿ ಶುಲ್ಕ ಇಳಿಸಿದ್ದು 1899ರ ಮುದ್ರಾಂಕ ಕಾಯ್ದೆಯ 9ನೇ ಸೆಕ್ಷನ್ ಕೊಟ್ಟ ಅಧಿಕಾರದಿಂದ. ಸರ್ಕಾರ ತಾನು ಕೊಡುವ ರಿಯಾಯಿತಿಗೆ ಒಂದು ನಿಯಮ ಸೇರಿಸಬಹುದು. ದಾನಿ ಅರವತ್ತು ದಾಟಿದವರಾಗಿದ್ದರೆ, 5,000 ರೂಪಾಯಿಯ ಸವಲತ್ತು ಪೋಷಣೆಯ ಷರತ್ತು ಇರುವ ದಾನಪತ್ರಕ್ಕೆ ಮಾತ್ರ. ಷರತ್ತು ಬೇಡವೆನ್ನುವ ಹಿರಿಯರಿದ್ದರೆ, ಪಡೆಯುವವರನ್ನು ಹೊರಗೆ ಕೂರಿಸಿ, ದಾನಿಗೆ ತಿಳಿಯುವ ಭಾಷೆಯಲ್ಲಿ ಕೇಳಿ, ಅವರ ಕೈಯಲ್ಲೇ ಬರೆಸಿಕೊಳ್ಳಲಿ. ಆಗ ಷರತ್ತು ಹಾಕಿದವಳು ತಾಯಿಯಲ್ಲ, ಸರ್ಕಾರ. ಮಗ ಮುನಿಸಿಕೊಳ್ಳುವುದಾದರೆ ನಿಯಮದ ಮೇಲೆ ಮುನಿಸಿಕೊಳ್ಳಲಿ. ಕುಟುಂಬದೊಳಗಿನ ದಾನಪತ್ರಕ್ಕೆ ಕರ್ನಾಟಕದಲ್ಲೂ ಜಾಗಕ್ಕೆ ತಕ್ಕಂತೆ ಸಾವಿರದಿಂದ ಐದು ಸಾವಿರ ರೂಪಾಯಿಯ ನಿಗದಿತ ಶುಲ್ಕವಿದೆ, ಮತ್ತು 1957ರ ಕರ್ನಾಟಕ ಮುದ್ರಾಂಕ ಕಾಯ್ದೆ ಇಲ್ಲಿನ ಸರ್ಕಾರಕ್ಕೂ ರಿಯಾಯಿತಿಯ ಅಧಿಕಾರ ಕೊಟ್ಟಿದೆ. ಷರತ್ತಿನ ಆ ಮೂರು ಸಾಲನ್ನು ಸೂರಜ್‌ಪುರಕ್ಕಿಂತ ಮೊದಲೇ ಬೆಳಗಾವಿಯ ನೋಂದಣಿ ಕಚೇರಿಯಲ್ಲಿ ಅಚ್ಚು ಹಾಕಿಸಲು ಬೆಂಗಳೂರಿನಿಂದ ಒಂದು ಆದೇಶ ಹೊರಟರೆ ಸಾಕು.